ರಾತ್ರಿ ಎಣಿಸಬೇಡಿ, ಹಗಲು ಎಣಿಸಿ: ಹನಿಮೂನಿಗೆ ಮಾಲ್ಡೀವ್ಸ್ ಹೋಗುವ ಮುನ್ನ

ಎಲ್ಲರಿಗೂ ನಮಸ್ಕಾರ. ನಾನು ಭಾಷಣಕಾರನಲ್ಲ, ದಾವಣಗೆರೆಯಲ್ಲಿ ಟ್ರಾವೆಲ್ಸ್ ಅಂಗಡಿ ಇಟ್ಟುಕೊಂಡವನು. ಮೊದಲೆಲ್ಲ ಹನಿಮೂನ್ ಅಂದರೆ ಊಟಿ. ಕೈಯಲ್ಲಿ ದುಡ್ಡು ಸ್ವಲ್ಪ ಜಾಸ್ತಿ ಇದ್ದವರಿಗೆ ಕುಲು, ಮನಾಲಿ. ಈಗ ಅಂಗಡಿಗೆ ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಮೊಬೈಲ್ ತೆಗೆದು ಒಂದು ಫೋಟೊ ತೋರಿಸುತ್ತಾರೆ. ನೀಲಿ ನೀರು, ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಮನೆ, ಮನೆಯಿಂದ ಸೀದಾ ಸಮುದ್ರಕ್ಕೆ ಇಳಿಯುವ ಏಣಿ. ಆಮೇಲೆ ಒಂದೇ ಪ್ರಶ್ನೆ: "ದುಡ್ಡಿಗೆ ತಕ್ಕ ಹಾಗಿರುತ್ತಾ ಸರ್?"

ಒಮ್ಮೆ ನಿಶ್ಚಿತಾರ್ಥ ಮುಗಿಸಿಕೊಂಡ ಒಂದು ಜೋಡಿ ಬಂದಿತ್ತು. ಹುಡುಗ ಎಲ್ಲ ಓದಿಕೊಂಡೇ ಬಂದಿದ್ದ. ನಾಲ್ಕು ರಾತ್ರಿ, ನಾಲ್ಕೂ ನೀರಿನ ಮೇಲಿನ ಮನೆಯಲ್ಲೇ ಅಂತ ಹಟ. ಹುಡುಗಿ ಅರ್ಧ ಗಂಟೆ ಸುಮ್ನೆ ಕೂತಿದ್ದಳು. ಕೊನೆಗೆ ಕೇಳಿದಳು: "ಸರ್, ಅಲ್ಲಿ ಹಗಲೊತ್ತು ಏನ್ ಮಾಡೋದು?"

ಇವತ್ತು ನಾನು ಹೇಳಬೇಕಾಗಿರುವುದೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

ಮಾಲ್ಡೀವ್ಸ್ ಅಂದರೆ ಸುಮಾರು 1,200 ಹವಳದ ದ್ವೀಪಗಳು. ಅಲ್ಲಿನ ಜನ ವಾಸವಿರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಮೊದಲ ರೆಸಾರ್ಟ್ ಶುರುವಾಗಿದ್ದು 1972ರಲ್ಲಿ, ಕುರುಂಬಾ ಅಂತ. ಸಾಮಾನ್ಯವಾಗಿ ಅಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಹೀಗಂದರೆ ಏನು ಅಂತ ಯೋಚಿಸಿ. ಗೋಕರ್ಣದಲ್ಲಿ ರೂಮಿನ ಊಟ ಸೇರದಿದ್ದರೆ ಆಟೊ ಹಿಡಿದು ರಥಬೀದಿಗೆ ಹೋಗಿ ಇಡ್ಲಿ ತಿನ್ನಬಹುದು. ಇಲ್ಲಿ ಬೀದಿಯೇ ಇಲ್ಲ. ಚಿಕ್ಕ ದ್ವೀಪವಾದರೆ ಕಾಲು ಗಂಟೆಯಲ್ಲಿ ಒಂದು ಸುತ್ತು ಹಾಕಿ ಮತ್ತೆ ನಿಮ್ಮ ಬಾಗಿಲಿಗೇ ಬಂದು ನಿಲ್ಲುತ್ತೀರಿ. ಊಟ, ಕಾಫಿ, ನೀರಿನ ಬಾಟಲಿ ಎಲ್ಲ ಅವರದೇ, ರೇಟೂ ಅವರದೇ. ಅದಕ್ಕೇ ನಾನು ಮೂರು ಹೊತ್ತಿನ ಊಟ ಸೇರಿಸದೆ ರೂಮ್ ಬುಕ್ ಮಾಡಿಕೊಡುವುದಿಲ್ಲ. ಅಲ್ಲಿ ಬೆಳೆಯುವುದು ತೀರ ಕಡಿಮೆ, ತರಕಾರಿಯಿಂದ ಹಿಡಿದು ಹೆಚ್ಚುಕಡಿಮೆ ಎಲ್ಲವೂ ಹೊರಗಿನಿಂದ ಬರಬೇಕು. ಅವರ ರೇಟಿಗೆ ಅದೂ ಒಂದು ಕಾರಣ, ಸುಮ್ನೆ ಬೈದು ಉಪಯೋಗವಿಲ್ಲ.

ಪ್ರೀತಿಸಿ, ನಾಲ್ಕೈದು ವರ್ಷ ಜೊತೆಗೆ ಓಡಾಡಿ ಮದುವೆಯಾದವರಿಗೆ ಇದು ಸ್ವರ್ಗ. ಆಫೀಸು, ಟ್ರಾಫಿಕ್ಕು, ಮದುವೆ ಮನೆಯ ಗಲಾಟೆ ಎಲ್ಲ ಮುಗಿಸಿ ನಾಲ್ಕು ದಿನ ಬಿದ್ದುಕೊಂಡಿರಬಹುದು. ಆದರೆ ನಮ್ಮ ಕಡೆ ಇನ್ನೂ ಹಿರಿಯರು ನೋಡಿ ಮಾಡುವ ಮದುವೆಗಳೇ ಜಾಸ್ತಿ ಅಲ್ವಾ? ಫೋನಲ್ಲಿ ಎಷ್ಟೇ ಮಾತಾಡಿರಲಿ, ಬೆಳಿಗ್ಗೆ ಎದ್ದ ಮುಖ ನೋಡಿರುವುದಿಲ್ಲ. ಒಬ್ಬರಿಗೆ ಆರು ಗಂಟೆಗೆ ಕಾಫಿ ಬೇಕು, ಇನ್ನೊಬ್ಬರು ಒಂಬತ್ತಕ್ಕೆ ಏಳುತ್ತಾರೆ. ಮನಾಲಿಯಲ್ಲಾದರೆ ಕಾರಿನ ಡ್ರೈವರ್ ಇರುತ್ತಾನೆ, ಅಂಗಡಿ ಇರುತ್ತದೆ, ಮಾತು ಮುಗಿದಾಗ ನೋಡಲು ಏನಾದರೂ ಸಿಗುತ್ತದೆ. ದ್ವೀಪದಲ್ಲಿ ಮಾತು ಮುಗಿದರೆ ಸಮುದ್ರ. ಮೂರನೇ ದಿನ ಮಧ್ಯಾಹ್ನವೂ ಅದೇ ಸಮುದ್ರ. ಮೂರನೇ ದಿನಕ್ಕೆ ಅಲ್ಲಿಂದಲೇ ಫೋನ್ ಮಾಡಿ "ಒಂದು ದಿನ ಮೊದಲೇ ವಾಪಸ್ ಬರಬಹುದಾ ಸರ್" ಅಂತ ಕೇಳಿದವರಿದ್ದಾರೆ. ಜಗಳವೇನಲ್ಲ ಪಾಪ, ಬೇಜಾರು ಅಷ್ಟೆ.

ಹಾಗಾಗಿ ನಾನು ಮೊದಲು ದುಡ್ಡು ಎಷ್ಟಿದೆ ಅಂತ ಕೇಳುವುದಿಲ್ಲ. ಈಜು ಬರುತ್ತಾ? ನೀರೊಳಗೆ ಮುಖ ಹಾಕಿ ಮೀನು ನೋಡುವುದು ಇಬ್ಬರಿಗೂ ಇಷ್ಟವಾ, ಒಬ್ಬರಿಗೆ ಮಾತ್ರವಾ? ಸುಮ್ನೆ ಕೂರಲು ಬರುತ್ತಾ? ಇಷ್ಟು ಕೇಳುತ್ತೇನೆ. ಈಜು ಬಾರದವರು ಲೈಫ್ ಜಾಕೆಟ್ ಹಾಕಿಕೊಂಡು ಇಳಿಯಬಹುದು, ಭಯವಿಲ್ಲ. ನೀರನ್ನೇ ಮುಟ್ಟದವರು ಆ ಏಣಿಗೆ ಯಾಕೆ ದುಡ್ಡು ಕೊಡಬೇಕು? ಇನ್ನೊಂದು ವಿಷಯ, ಆ ಏಣಿಯ ಕೆಳಗೆಲ್ಲ ಹವಳ ಇರುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಬರೀ ಮರಳು. 1998ರಲ್ಲಿ, ಮತ್ತೆ 2016ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿನ ಹವಳ ಬೆಳ್ಳಗಾಗಿ ತುಂಬಾ ಸತ್ತಿತು. ದಡದಿಂದಲೇ ಈಜಿಕೊಂಡು ಹೋಗಬಹುದಾದ ಹವಳದ ದಿಬ್ಬ ಇದೆಯಾ ಅಂತ ಬುಕ್ ಮಾಡುವ ಮೊದಲೇ ರೆಸಾರ್ಟಿನವರನ್ನು ಕೇಳಿ.

ಈಗ ದುಡ್ಡಿನ ವಿಷಯ. ವೆಬ್‌ಸೈಟಿನಲ್ಲಿ ರಾತ್ರಿಗೆ 40,000 ರೂಪಾಯಿ ಅಂತಿದ್ದು, ಪಕ್ಕದಲ್ಲಿ ಚಿಕ್ಕದಾಗಿ ಎರಡು ಪ್ಲಸ್ ಗುರುತು ಇದ್ದರೆ ಅಲ್ಲೇ ನಿಲ್ಲಿ. ಮೊದಲ ಪ್ಲಸ್ ಶೇ. 10 ಸರ್ವೀಸ್ ಚಾರ್ಜ್, 44,000 ಆಯಿತು. ಎರಡನೇ ಪ್ಲಸ್ ಅವರ ಪ್ರವಾಸೋದ್ಯಮ ಜಿಎಸ್‌ಟಿ. 2025ರ ಜುಲೈನಿಂದ ಅದು ಶೇ. 17, ಅದೂ ಸರ್ವೀಸ್ ಚಾರ್ಜ್ ಸೇರಿದ ಮೊತ್ತದ ಮೇಲೆ. 51,480 ಆಯಿತು. ನಾಲ್ಕು ರಾತ್ರಿಗೆ ಒಂದು ಲಕ್ಷ ಅರವತ್ತು ಸಾವಿರ ಅಂದುಕೊಂಡಿದ್ದು ಎರಡು ಲಕ್ಷ ದಾಟಿತು. ಜೊತೆಗೆ ರೆಸಾರ್ಟುಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೆ 12 ಡಾಲರ್ ಗ್ರೀನ್ ಟ್ಯಾಕ್ಸ್. ಇನ್ನೂ ರಾಜಧಾನಿ ಮಾಲೆಯ ಏರ್‌ಪೋರ್ಟಿನಿಂದ ದ್ವೀಪಕ್ಕೆ ಹೋಗುವ ಖರ್ಚು ಹಿಡಿದೇ ಇಲ್ಲ. ಹತ್ತಿರದ ದ್ವೀಪವಾದರೆ ಸ್ಪೀಡ್ ಬೋಟ್. ದೂರದ್ದಾದರೆ ಸೀಪ್ಲೇನ್, ಒಬ್ಬರಿಗೆ ಹೋಗಿಬರಲು ಸಾಮಾನ್ಯವಾಗಿ 400 ಡಾಲರಿಗೂ ಮೇಲೆ.

ಸೀಪ್ಲೇನ್ ಅಂದಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಅದು ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ. ಪೈಲಟ್‌ಗಳು ಬರಿಗಾಲಲ್ಲೇ ಓಡಿಸುತ್ತಾರೆ, ಅದನ್ನು ನೋಡುವುದೇ ಒಂದು ಚಂದ. ಆದರೆ ಹಗಲು ಬೆಳಕಿದ್ದರೆ ಮಾತ್ರ ಹಾರುತ್ತದೆ. ನಾನು ಶುರುವಿನಲ್ಲಿ ಇದು ಗೊತ್ತಿಲ್ಲದೆ, ಟಿಕೆಟ್ ಅಗ್ಗ ಅಂತ ಒಂದು ಜೋಡಿಗೆ ಸಂಜೆ ಇಳಿಯುವ ವಿಮಾನ ಬುಕ್ ಮಾಡಿಬಿಟ್ಟೆ. ಅಲ್ಲಿ ಅವರಿಗೆ ಹೇಳಿದ್ದು, ಇನ್ನು ಬೆಳಿಗ್ಗೆಯೇ. ಮೊದಲ ರಾತ್ರಿಯ ದುಡ್ಡು ರೆಸಾರ್ಟಿಗೆ ಹೋಯಿತು, ಮಲಗಿದ್ದು ಏರ್‌ಪೋರ್ಟ್ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ. ಅರ್ಧ ದುಡ್ಡು ನಾನೇ ಕಟ್ಟಿಕೊಟ್ಟೆ. ಈಗಲೂ ಆ ಹುಡುಗ ಎದುರಿಗೆ ಸಿಕ್ಕರೆ "ಸರ್, ಸಂಜೆ ಫ್ಲೈಟ್ ಇದೆಯಾ?" ಅಂತ ನಗುತ್ತಾನೆ.

ನಮ್ಮ ಮದುವೆಗಳ ಕಾಲವನ್ನೂ ನೋಡಿ. ಆಷಾಢ ಬರುವ ಮೊದಲು ಮುಗಿಸಬೇಕು ಅಂತ ಏಪ್ರಿಲ್, ಮೇ ತಿಂಗಳಲ್ಲಿ ಛತ್ರಗಳೆಲ್ಲ ತುಂಬಿರುತ್ತವೆ. ಬೀಗರೂಟ, ಸತ್ಯನಾರಾಯಣ ಪೂಜೆ, ಮನೆದೇವರು ಅಂತ ಮುಗಿಸಿ ಹೊರಡುವಾಗ ಮೇ ಕೊನೆ. ಅಲ್ಲೂ ನಮ್ಮದೇ ಮುಂಗಾರು, ಕೇರಳಕ್ಕೆ ಬರುವ ಮೊದಲು ಅಲ್ಲಿ ಕಾಲಿಟ್ಟು ಬರುತ್ತದೆ. ಮೇನಿಂದ ಅಕ್ಟೋಬರ್‌ವರೆಗೆ ಮಳೆ, ಗಾಳಿ, ರೇಟು ಕಡಿಮೆ. ದಿನವಿಡೀ ಸುರಿಯುತ್ತದೆ ಅಂತೇನಿಲ್ಲ. ಆದರೆ ನಾಲ್ಕು ದಿನದಲ್ಲಿ ಎರಡು ದಿನ ಮೋಡ ಕವಿದರೆ ಆ ಫೋಟೊದ ನೀಲಿ ನಿಮಗೆ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಆಷಾಢ, ಶ್ರಾವಣ ಎಲ್ಲ ಕಳೆಯಲಿ, ಜನವರಿಯಿಂದ ಮಾರ್ಚ್ ಒಳಗೆ ಹೋಗಿ. ರೇಟು ಜಾಸ್ತಿ, ನಿಜ. ಅಷ್ಟರಲ್ಲಿ ಒಬ್ಬರದು ಇನ್ನೊಬ್ಬರಿಗೆ ಸ್ವಲ್ಪ ಅಭ್ಯಾಸವೂ ಆಗಿರುತ್ತದೆ. "ಮದುವೆಯಾಗಿ ಎಂಟು ತಿಂಗಳಾದ ಮೇಲೆ ಎಂಥ ಹನಿಮೂನು" ಅಂತ ಮನೆಯಲ್ಲಿ ಅತ್ತೆ, ಅಮ್ಮ ಇಬ್ಬರೂ ಕೇಳುತ್ತಾರೆ. ಕೇಳಲಿ ಬಿಡಿ.

ಹಗಲೊತ್ತು ಏನ್ ಮಾಡೋದು ಅಂತ ಕೇಳಿದ ಆ ಜೋಡಿಯ ವಿಷಯ ಅರ್ಧಕ್ಕೇ ಬಿಟ್ಟೆ ಅಲ್ವಾ. ಅವರ ನಾಲ್ಕು ರಾತ್ರಿಯನ್ನು ಎರಡು ಭಾಗ ಮಾಡಿದೆ. ಮೊದಲ ಎರಡು ರಾತ್ರಿ ಮಾಫುಶಿಯಲ್ಲಿ. ಅದು ಅಲ್ಲಿನ ಜನರೇ ಇರುವ ದ್ವೀಪ, ಮಾಲೆಯಿಂದ ಬೋಟಿನಲ್ಲಿ ಹೋಗಬಹುದು. ಗೆಸ್ಟ್‌ಹೌಸುಗಳು ರೆಸಾರ್ಟಿಗಿಂತ ಎಷ್ಟೋ ಅಗ್ಗ. ಅಂಗಡಿ, ಮಸೀದಿ, ಸಂಜೆ ಮಕ್ಕಳ ಆಟ, ಎಲ್ಲ ಇದೆ. ಊರಿನ ಮರ್ಯಾದೆಗೆ ತಕ್ಕ ಬಟ್ಟೆ ಹಾಕಬೇಕು, ಈಜುಡುಗೆಗೆ ಬೇರೆಯೇ ಬೀಚ್ ಇಟ್ಟಿದ್ದಾರೆ, ಮದ್ಯ ಸಿಗುವುದಿಲ್ಲ. ಮೀನು ನೋಡುವುದು, ಬೋಟಿನಲ್ಲಿ ಸುತ್ತುವುದು, ಓಡಾಟವೆಲ್ಲ ಅಲ್ಲಿಂದಲೇ ಮುಗಿಸಿದರು. ಕೊನೆಯ ಎರಡು ರಾತ್ರಿ ರೆಸಾರ್ಟ್. ಒಂದು ರಾತ್ರಿ ದಡದ ಮನೆ, ಒಂದು ರಾತ್ರಿ ನೀರಿನ ಮೇಲಿನ ಮನೆ. ಬೆಳಿಗ್ಗೆಯೇ ಹೋಗಿ ಸೇರಿಕೊಳ್ಳಿ, ರೂಮ್ ತಡವಾದರೂ ಬೀಚು, ಊಟದ ಜಾಗ ಬಳಸಲು ಬಿಡುತ್ತಾರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ ಅಂದಿದ್ದೆ. ಹಾಗೇ ಮಾಡಿದರು. ಎರಡು ರಾತ್ರಿಯ ದುಡ್ಡಿಗೆ ಹೆಚ್ಚುಕಡಿಮೆ ಮೂರು ಹಗಲು ಸಿಕ್ಕಿತು. ವಾಪಸ್ ಬಂದ ಮೇಲೆ ಹುಡುಗ ಏಣಿಯ ಫೋಟೊ ತೋರಿಸಿದ. ಹುಡುಗಿ ಮಾಫುಶಿಯಲ್ಲಿ ತಿಂದ ಮೀನು ತುಂಬಿದ ಕರಿದ ತಿಂಡಿಯ ರುಚಿಯನ್ನೇ ಹತ್ತು ನಿಮಿಷ ಹೇಳಿದಳು.

ಹಾಂ, ಒಂದು ಮಾತು ಮರೆತಿದ್ದೆ, ಮದುವೆ ಗಂಡುಗಳಿಗೆ. ಟಿಕೆಟ್ ಬುಕ್ ಮಾಡುವಾಗ ಹುರುಪಿನಲ್ಲಿ ಹೆಂಡತಿಯ ಹೆಸರಿನ ಮುಂದೆ ನಿಮ್ಮ ಹೆಸರು ಸೇರಿಸಬೇಡಿ. ಅವರ ಪಾಸ್‌ಪೋರ್ಟಿನಲ್ಲಿ ಇನ್ನೂ ಅಪ್ಪನ ಹೆಸರೇ ಇರುತ್ತದೆ, ಏರ್‌ಪೋರ್ಟಿನಲ್ಲಿ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಬದಲಾಯಿಸುವುದೇ ಆದರೆ ಸೀಮಂತದ ಹೊತ್ತಿಗೆ ನೋಡಿಕೊಂಡರಾಯಿತು.