ಹೊಸ ಬೋರ್‌ವೆಲ್‌ಗೆ ಹಳೇ ಟೀಸಿ ಸಾಕಾಗುತ್ತದೆಯೇ?

ಗೆಳೆಯರೇ, ಚಿಂತಾಮಣಿ ಕಡೆ ತೋಟದ ಲೈನಿನಲ್ಲಿ ಕಾಣುವಂಥ ಒಂದು 63 ಕೆವಿಎ (ಹೊರಬಲ್ಲ ಹೊರೆಯ ಅಳತೆ) ಟೀಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ಕಣ್ಮುಂದೆ ಇಟ್ಟುಕೊಳ್ಳಿ. ಅದರ ಮೇಲೆ ನಾಲ್ಕು ಬೋರ್‌ವೆಲ್: 10, 10, 12.5, 7.5 ಎಚ್‌ಪಿ. ಒಟ್ಟು 40. ಈಗ ಐದನೆಯ ರೈತರು 15 ಎಚ್‌ಪಿ ಕೇಳಿದ್ದಾರೆ. 55ನ್ನು 0.746ರಿಂದ ಗುಣಿಸಿದರೆ 41 ಕಿಲೋವ್ಯಾಟ್. 63ರಲ್ಲಿ ಇನ್ನೂ ಜಾಗ ಇದೆಯಲ್ಲ ಅನ್ನಿಸುತ್ತದೆ. ಟೀಸಿ ಸುಡುವುದಕ್ಕೆ ಅಡಿಪಾಯ ಬೀಳುವುದು ಅಲ್ಲೇ.

ಆ 41 ಮೋಟಾರಿನ ಶಾಫ್ಟಿನಲ್ಲಿ ಸಿಗುವ ಶಕ್ತಿ. ಸಬ್‌ಮರ್ಸಿಬಲ್‌ ಮೋಟಾರಿನ ದಕ್ಷತೆ 75 ಪರ್ಸೆಂಟ್, ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜ ಕೆಲಸಕ್ಕೆ ಬರುವ ಪಾಲು) 0.8 ಎಂದು ಹಿಡಿದರೆ ಟೀಸಿಯಿಂದ ಒಂದು ಎಚ್‌ಪಿಗೆ 1.24 ಕೆವಿಎ ಬೇಕು. 55 ಎಚ್‌ಪಿಗೆ 68. ಎಂಟೇ ಪರ್ಸೆಂಟ್ ಹೆಚ್ಚು, ತಡೆಯುತ್ತೆ ಬಿಡಿ ಅನ್ನುವವರಿದ್ದಾರೆ. ಆದರೆ ವೈಂಡಿಂಗಿನ (ಟೀಸಿಯೊಳಗಿನ ತಂತಿ ಸುತ್ತಿನ) ನಷ್ಟ ಕರೆಂಟಿನ ವರ್ಗದಷ್ಟು ಏರುತ್ತದೆ, ಇಲ್ಲಿ 17 ಪರ್ಸೆಂಟ್. ವೈಂಡಿಂಗ್ ಮಿತಿ ಮೀರಿ 6 ಡಿಗ್ರಿ ಬಿಸಿಯಾದರೆ ಅದಕ್ಕೆ ಸುತ್ತಿದ ಇನ್ಸುಲೇಷನ್ ಕಾಗದದ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ.

ಕೆಪ್ಯಾಸಿಟರ್ ಹಾಕಿ ಪವರ್ ಫ್ಯಾಕ್ಟರನ್ನು 0.95ಕ್ಕೆ ಏರಿಸಿದರೆ 68 ಇಳಿದು 58 ಆಗುತ್ತದೆ. ಲೆಕ್ಕ ಸರಿ. ಆದರೆ ಊದಿಕೊಂಡ ಕೆಪ್ಯಾಸಿಟರನ್ನು ಬಿಚ್ಚಿ ಎಸೆದವರು ಹೊಸದು ಹಾಕಿಸುವುದು ಅಪರೂಪ. ಅದನ್ನು ನೆಚ್ಚಿ ಸೈಜು ಇಳಿಸಬೇಡಿ.

ಇನ್ನು ಎಚ್‌ಪಿ ಅಂಕಿ. 1,200 ಅಡಿ ಅಂದರೆ 366 ಮೀಟರ್. ಅಷ್ಟು ಆಳದಿಂದ ಸೆಕೆಂಡಿಗೆ ಒಂದು ಲೀಟರ್ ಎತ್ತಲು ನೀರಿಗೇ 3.6 ಕಿಲೋವ್ಯಾಟ್ ಬೇಕು. ಪಂಪು ಅರ್ಧ ತಿಂದುಹಾಕಿದರೆ ಶಾಫ್ಟಿಗೆ 7.2, ಹೆಚ್ಚುಕಮ್ಮಿ 10 ಎಚ್‌ಪಿ. ಇಂಥ ಬೋರಿಗೆ ಕಾಗದದಲ್ಲಿ 5 ಎಚ್‌ಪಿ ಅಂತಿದ್ದರೆ ಕಾಗದ ಪಕ್ಕಕ್ಕಿಟ್ಟು ಟಾಂಗ್ ಟೆಸ್ಟರ್ (ತಂತಿಗೆ ಕಚ್ಚಿಸಿ ಆಂಪ್ ಅಳೆಯುವ ಮೀಟರ್) ಹಿಡಿಯಿರಿ. ಎಲ್ಲ ಮೋಟಾರು ಓಡುತ್ತಿರುವಾಗ, ಮೂರೂ ಫೇಸಿಗೆ. 63 ಕೆವಿಎಗೆ ಮಿತಿ 84 ಆಂಪ್, 100ಕ್ಕೆ 133.

ಊರೊಳಗಿನ ಮನೆಗಳಿಗಾದರೆ ಡೈವರ್ಸಿಟಿ ಅಂತ ಒಂದಷ್ಟು ಕಳೆಯಬಹುದು, ಎಲ್ಲರೂ ಒಂದೇ ಹೊತ್ತಿಗೆ ಮಿಕ್ಸಿ ತಿರುಗಿಸುವುದಿಲ್ಲ. ತೋಟದ ಲೈನಿನಲ್ಲಿ ಆ ಆಸೆ ಬೇಡ. ತ್ರೀಫೇಸ್ ಬರುವುದೇ ಕೆಲವು ಗಂಟೆ, ಎಲ್ಲರ ಡಬ್ಬಿಯಲ್ಲೂ ಆಟೋ ಸ್ಟಾರ್ಟರ್. ಕರೆಂಟು ಬಂದ ಕ್ಷಣ ಐದೂ ಮೋಟಾರು ಒಟ್ಟಿಗೆ ಎಳೆಯುತ್ತವೆ. ಮೋಟಾರನ್ನು ನೇರ ಲೈನಿಗೆ ಜೋಡಿಸುವ ಡಿಓಎಲ್ ಸ್ಟಾರ್ಟರಿನಲ್ಲಿ, ಓಡುವಾಗಿನದರ ಆರು ಪಟ್ಟು ಹಿಡಿದರೆ 410 ಕೆವಿಎ! 4.5 ಪರ್ಸೆಂಟ್ ಇಂಪೀಡೆನ್ಸಿನ (ಒಳತಡೆಯ) 63ರ ಟೀಸಿಯಲ್ಲಿ ವೋಲ್ಟೇಜ್ ಕಾಲುಭಾಗದ ಹತ್ತಿರ ಕುಸಿಯುತ್ತದೆ, ಮೋಟಾರಿನ ತಿರುಗಿಸುವ ಬಲ ಅರ್ಧಕ್ಕೆ ಸಮೀಪಿಸುತ್ತದೆ. ವೇಗ ಹಿಡಿಯದೆ ಗುಂಯ್‌ಗುಟ್ಟುತ್ತಾ ನಿಂತ ಮೋಟಾರು ಆ ಆರು ಪಟ್ಟನ್ನು ಎಳೆಯುತ್ತಲೇ ಇರುತ್ತದೆ. 100 ಕೆವಿಎ ಇಟ್ಟರೂ ಕುಸಿತ 15 ಪರ್ಸೆಂಟ್. ಇದಕ್ಕೆ ಮದ್ದು ಟೈಮರ್: ಒಂದೊಂದು ಸ್ಟಾರ್ಟರಿಗೂ 30 ಸೆಕೆಂಡ್ ಅಂತರ ಕೊಡಿ.

ಹಾಗಾದರೆ 100 ಕೆವಿಎ ತಂದು ಅದೇ ಕಂಬಕ್ಕೆ ಕೂರಿಸಿದರೆ ಮುಗಿಯಿತೇ? ಹೊಸ ಬೋರು ಎಷ್ಟು ದೂರ ಅಂತ ನೋಡಿ. ಅರ್ಧ ಕಿಲೋಮೀಟರ್ ರ‍್ಯಾಬಿಟ್ ತಂತಿ (ಲೈನಿಗೆ ಎಳೆಯುವ ಅಲ್ಯೂಮಿನಿಯಂ ತಂತಿಯ ಒಂದು ಸೈಜು) ಆದರೆ 15 ಎಚ್‌ಪಿ ಸ್ಟಾರ್ಟ್ ಆಗುವಾಗ ತಂತಿಯಲ್ಲೇ ಫೇಸಿಗೆ 30 ವೋಲ್ಟಿಗಿಂತ ಹೆಚ್ಚು ಹೋಗುತ್ತದೆ. ಟೀಸಿ ಎಷ್ಟೇ ದೊಡ್ಡದಿರಲಿ, ಆ 30 ವಾಪಸ್ ಬರದು. ಅಂಥಲ್ಲಿ ಹಳೇ 63ನ್ನು ಹಾಗೇ ಬಿಟ್ಟು, ಹನ್ನೊಂದು ಕೆವಿ ಲೈನನ್ನು ಬೋರಿನ ಹತ್ತಿರಕ್ಕೇ ಎಳೆದು 25 ಕೆವಿಎ ಕೂರಿಸುವುದೇ ನನಗೆ ಒಪ್ಪಿಗೆ. 15 ಎಚ್‌ಪಿಗೆ ಬೇಕಾದ್ದು 19 ಕೆವಿಎ, 26 ಆಂಪ್. ಟೀಸಿ 33 ಕೊಡುತ್ತದೆ. ಆದರೆ ಚಿಕ್ಕ ಟೀಸಿಗೆ ಡಿಓಎಲ್ ಹೊರೆಯಾಗುತ್ತದೆ, ಶುರುವಿನ ಎಳೆತ ತಗ್ಗಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಬೇಕು. ಅದಕ್ಕೆ ಮೋಟಾರಿನಿಂದ ಆರು ತಂತಿ ಮೇಲೆ ಬರಬೇಕು. ಮೂರೇ ತಂತಿಯ ಮೋಟಾರನ್ನು 1,200 ಅಡಿಗೆ ಇಳಿಸಿದ ಮೇಲೆ ಆ ದಾರಿ ಮುಚ್ಚಿತು, ಆದ್ದರಿಂದ ಪೈಪು ಇಳಿಸುವ ದಿನವೇ ಎಣಿಸಿ ನೋಡಿ.