ಬಾಸುಂಡೆ ಏಳುವ ಮೊದಲೇ: ಮಕ್ಕಳ ಮೇಲಿನ ದೌರ್ಜನ್ಯಕ್ಕೆ ರಾಜ್ಯ ಕಾನೂನಿನ ವ್ಯಾಖ್ಯೆ

ಎಲ್ಲರಿಗೂ ಶರಣು. ಪಾಲಕರು, ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ವಕೀಲರು ಇಲ್ಲಿ ಒಟ್ಟಿಗೆ ಕೂತಿದ್ದೀರಿ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಶಾಸಕರು ಚರ್ಚಿಸಬೇಕಾದ ಒಂದೇ ಒಂದು ಶಬ್ದದ ಬಗ್ಗೆ ಇವತ್ತು ಮಾತಾಡೋಣ. ಆ ಶಬ್ದ ‘ದೌರ್ಜನ್ಯ’. ಅದರ ವ್ಯಾಖ್ಯೆಯನ್ನು ರಾಜ್ಯವೇ ತಿದ್ದುಪಡಿ ತಂದು ಕಾನೂನಿನಲ್ಲಿ ಬರೆಯಬೇಕು.

ಕೇಂದ್ರದ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಏನು ಹೇಳುತ್ತದೆ? ಮಗುವಿನ ಉಸ್ತುವಾರಿ ಹೊತ್ತವರು ಹಲ್ಲೆ ಮಾಡಿದರೆ, ತೊರೆದರೆ, ದೌರ್ಜನ್ಯ ಎಸಗಿದರೆ, ಬೇಕೆಂದೇ ನಿರ್ಲಕ್ಷಿಸಿದರೆ, ಅದರಿಂದ ಮಗುವಿಗೆ ದೈಹಿಕ ಅಥವಾ ಮಾನಸಿಕ ಯಾತನೆ ಆಗುವಂತಿದ್ದರೆ, 3 ವರ್ಷದವರೆಗೆ ಸಜೆ ಇಲ್ಲವೆ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ‘ಮಾನಸಿಕ’ ಎಂಬ ಮಾತು ಅಲ್ಲಿದೆ. ಆದರೆ ದೌರ್ಜನ್ಯ ಎಂದರೆ ಏನು ಎಂಬುದನ್ನು ಕಾಯ್ದೆ ಎಲ್ಲಿಯೂ ಬಿಡಿಸಿ ಹೇಳಿಲ್ಲ. ಹಾಗಾಗಿ ಠಾಣೆಗೆ ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ, ‘ಗಾಯ ಎಲ್ಲಿ?’ ಬೆನ್ನ ಮೇಲೆ ಬಾಸುಂಡೆ ಕಂಡರೆ ಪ್ರಕರಣ, ಕಾಣದಿದ್ದರೆ ಮನೆಯ ಮಾತು. ತಿಂಗಳುಗಟ್ಟಲೆ ಕತ್ತಲ ಕೋಣೆಯಲ್ಲಿ ಕೂಡಿಹಾಕಿದ್ದು, ಊಟ ಬಿಡಿಸಿದ್ದು, ತಾಯಿಯನ್ನು ಹೊಡೆಯುವುದನ್ನು ಮಗುವಿನ ಕಣ್ಣೆದುರೇ ಮಾಡಿದ್ದು, ಇವೆಲ್ಲ ಆ ಪ್ರಶ್ನೆಯ ಆಚೆ ಉಳಿಯುತ್ತವೆ.

ಇನ್ನೊಂದು ಬಿರುಕು ನೋಡಿ. ಅದೇ ಕಾಯ್ದೆ ‘ದೈಹಿಕ ದಂಡನೆ’ಗೆ ಮಾತ್ರ ಒಳ್ಳೆಯ ವ್ಯಾಖ್ಯೆ ಕೊಟ್ಟಿದೆ: ಶಿಸ್ತು ಕಲಿಸಲೆಂದು ಯಾರೇ ಆಗಲಿ ಬೇಕೆಂದೇ ನೋವು ಕೊಡುವುದು. ಆದರೆ ಶಿಕ್ಷೆ ಹೇಳುವ 82ನೇ ಕಲಂ ಮಕ್ಕಳ ಪಾಲನಾ ಸಂಸ್ಥೆಗಳಿಗಷ್ಟೇ ಸೀಮಿತ, ಮೊದಲ ಸಲಕ್ಕೆ 10,000 ರೂಪಾಯಿ ದಂಡ. ಶಾಲೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಇದೆ. ಅದು ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿ, ಶಿಸ್ತುಕ್ರಮವನ್ನು ಸೇವಾ ನಿಯಮಕ್ಕೆ ಬಿಟ್ಟಿದೆ. ವ್ಯಾಖ್ಯೆ ಎಲ್ಲರನ್ನೂ ಹಿಡಿಯುತ್ತದೆ, ಶಿಕ್ಷೆ ಕೆಲವರನ್ನಷ್ಟೇ.

ಇದಕ್ಕಿಂತ ದೊಡ್ಡ ತೊಡಕು ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿಯಿಂದ ಬಂತು. 3ರಿಂದ 7 ವರ್ಷ ಸಜೆಯ ಅಪರಾಧಗಳು ಅಸಂಜ್ಞೇಯವಾದವು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ, ವಾರಂಟಿಲ್ಲದೆ ಬಂಧಿಸುವಂತಿಲ್ಲ. ಮನೆಯಲ್ಲಿ ನಡೆಯುವ 75ನೇ ಕಲಂ ಪ್ರಕರಣಗಳೂ ಅಲ್ಲಿಗೇ ಬೀಳುತ್ತವೆ. ದೂರುದಾರರ ಕೈಗೆ ಬರುವುದು ಒಂದು ನೋಂದಣಿ ಚೀಟಿ, ಮಗು ಸಂಜೆಗೆ ಮರಳುವುದು ಅದೇ ಮನೆಗೆ. ವ್ಯಾಖ್ಯೆಯನ್ನು ಎಷ್ಟೇ ಹಿಗ್ಗಿಸಿದರೂ ಇದನ್ನು ಸರಿಪಡಿಸದಿದ್ದರೆ ಕಾಗದ ದಪ್ಪವಾಗುತ್ತದೆ, ಅಷ್ಟೆ. ಇದನ್ನು ಒತ್ತಿ ಹೇಳಲೇಬೇಕು.

ರಾಜ್ಯಕ್ಕೆ ಇಷ್ಟು ಅಧಿಕಾರ ಇದೆಯೇ ಎಂದು ಕೇಳುವವರಿದ್ದಾರೆ. ಇದೆ. ಅಪ್ರಾಪ್ತರು, ದಂಡಕಾನೂನು ಎರಡೂ ಸಮವರ್ತಿ ಪಟ್ಟಿಯವು, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದವು. ಕೇಂದ್ರದ ಕಾಯ್ದೆಗೆ ವಿರುದ್ಧ ಬೀಳುವ ಭಾಗವಿದ್ದರೆ ಸಂವಿಧಾನದ 254(2)ರಂತೆ ರಾಷ್ಟ್ರಪತಿಗಳ ಅಂಕಿತ ಬೇಕು. ನಮ್ಮ ರಾಜ್ಯ ಈ ದಾರಿ ನಡೆದಿದೆ. ಕೇಂದ್ರದ 2006ರ ಕಾಯ್ದೆಯಲ್ಲಿ ಬಾಲ್ಯವಿವಾಹ ರದ್ದುಪಡಿಸಬಹುದಾದದ್ದು, ಅಂದರೆ ಮಗುವೇ ನ್ಯಾಯಾಲಯಕ್ಕೆ ಹೋಗಬೇಕು. ಕರ್ನಾಟಕದ 2016ರ ತಿದ್ದುಪಡಿ ಅದನ್ನು ಆರಂಭದಿಂದಲೇ ಶೂನ್ಯ ಎಂದಿತು. ಸುಪ್ರೀಂ ಕೋರ್ಟ್ 2017ರಲ್ಲಿ ಈ ಹೆಜ್ಜೆಯನ್ನು ಮೆಚ್ಚಿ ಬರೆಯಿತು.

ಆದರೂ ಒಂದು ಸಂದು ಉಳಿಯಿತು. 13–14 ವರ್ಷದ ಹುಡುಗಿಗೆ ಸೀರೆ ಉಡಿಸಿ, ಉಡಿ ತುಂಬಿ, ನಿಶ್ಚಯ ಮಾಡಿಬಿಟ್ಟರೆ ಅದು ಮದುವೆಯಲ್ಲ. ಅಧಿಕಾರಿಗಳು ಮುಚ್ಚಳಿಕೆ ಬರೆಸಿಕೊಂಡು ಹಿಂತಿರುಗುತ್ತಾರೆ. ಮದುವೆ ಗಡಿಯಾಚೆ ನಡೆದರೆ, ನಮ್ಮ ತಿದ್ದುಪಡಿ ಅಲ್ಲಿಗೆ ತಾಗದು ಎಂಬ ವಾದಕ್ಕೂ ಎಡೆಯಾಗುತ್ತದೆ. 2025ರಲ್ಲಿ ರಾಜ್ಯ ಸಚಿವ ಸಂಪುಟ ಬಾಲ್ಯ ನಿಶ್ಚಿತಾರ್ಥವನ್ನೂ ಅಪರಾಧವಾಗಿಸುವ ತಿದ್ದುಪಡಿಗೆ ಒಪ್ಪಿದ್ದರ ಮಹತ್ವ ಇಲ್ಲಿದೆ. ಹಾನಿಗಿಂತ ಮುಂಚಿನ ಕೃತ್ಯವನ್ನೇ ಅದು ಹೆಸರಿಸುತ್ತದೆ. ಯಲ್ಲಮ್ಮನ ಸವದತ್ತಿಯನ್ನು ಬಲ್ಲ ನಮಗೆ ಇದು ಹೊಸತಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆ ಹೆಣ್ಣನ್ನು ದೇವರಿಗೆ ಬಿಡುವ ಮುತ್ತು ಕಟ್ಟುವ ವಿಧಿಯನ್ನೇ, ಅದಕ್ಕೆ ಯಾವ ಹೆಸರಿದ್ದರೂ, ಅಪರಾಧ ಎಂದಿತ್ತು.

ದೌರ್ಜನ್ಯದ ವ್ಯಾಖ್ಯೆಯನ್ನೂ ಹೀಗೆಯೇ ಕಟ್ಟಬೇಕು. ಕೃತ್ಯಗಳ ಪಟ್ಟಿ ಸ್ಪಷ್ಟವಾಗಿರಲಿ: ಕೂಡಿಹಾಕುವುದು, ಅನ್ನ ಅಥವಾ ಔಷಧ ತಡೆಯುವುದು, ಬಿಡದೆ ಹೀಯಾಳಿಸಿ ಬೆದರಿಸುವುದು, ಹಿಂಸೆಗೆ ಸಾಕ್ಷಿಯಾಗಿಸುವುದು. ‘ಇವೇ ಮುಂತಾದ’ ಎಂಬ ಬಾಲ ಬೇಡ, ದಂಡಕಾನೂನಿನಲ್ಲಿ ಅಸ್ಪಷ್ಟತೆಯ ಲಾಭ ಆರೋಪಿಗೇ ಹೋಗುತ್ತದೆ. ಮಾನಸಿಕ ಹಾನಿಗೆ ವೈದ್ಯರ ಪ್ರಮಾಣಪತ್ರವೊಂದೇ ಪುರಾವೆ ಎಂದು ಬರೆಯಬಾರದು. ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗದಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ.

ಬಡತನವನ್ನು ನಿರ್ಲಕ್ಷ್ಯ ಎನ್ನಬಾರದು. ವಿಜಯಪುರ, ಬಾಗಲಕೋಟೆಗಳಿಂದ ಕಬ್ಬು ಕಡಿಯಲು, ದುಡಿಯಲು ಹೋಗುವ ತಾಯಿ ಮಗುವನ್ನು ಅಜ್ಜಿಯ ಬಳಿ ಬಿಟ್ಟರೆ, ಹೊಲದ ಬದುವಿನಲ್ಲಿ ಜೋಲಿ ಕಟ್ಟಿ ಮಲಗಿಸಿದರೆ, ಅದು ಅಪರಾಧವಲ್ಲ. ಅನಿವಾರ್ಯತೆಯಿಂದ ತೊರೆದ ಹೆತ್ತವರಿಗೆ 75ನೇ ಕಲಮಿನ ಪರಂತುಕ, ಅಂದರೆ ವಿನಾಯಿತಿಯ ಮಾತು, ಈಗಲೇ ರಕ್ಷಣೆ ಕೊಡುತ್ತದೆ. ಅದನ್ನು ನಿರ್ಲಕ್ಷ್ಯಕ್ಕೂ ವಿಸ್ತರಿಸಬೇಕು. ಇದಿಲ್ಲದ ಕಾನೂನು ಮೊದಲು ಬಡಿಯುವುದು ಗುಡಿಸಲಿನ ಬಾಗಿಲನ್ನೇ.

ತಿದ್ದುಪಡಿ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ತನ್ನನ್ನು ಹಿಂಸಿಸಿದ, ನಿರ್ಲಕ್ಷಿಸಿದ ವ್ಯಕ್ತಿಯ ಜೊತೆ ಇರುವ ಮಗು ಬಾಲನ್ಯಾಯ ಕಾಯ್ದೆಯ 2(14)ನೇ ಕಲಮಿನಂತೆ ರಕ್ಷಣೆ ಬೇಕಾದ ಮಗು. ಅದಕ್ಕೆ ಎಫ್‌ಐಆರ್ ಬೇಕಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವನ್ನು ವಶಕ್ಕೆ ಪಡೆದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೋಗುವಾಗ ಬರಹ ಇರಲಿ: ದಿನಾಂಕ, ಹೊತ್ತು, ಮಗು ಆಡಿದ ಮಾತು ಅದರದೇ ಭಾಷೆಯಲ್ಲಿ, ಹಾಜರಿ ಪುಸ್ತಕದ ಪ್ರತಿ. ‘ಮಗು ಮಾನಸಿಕವಾಗಿ ನೊಂದಿದೆ’ ಎಂದು ಬರೆಯಬೇಡಿ. ‘ಮೂರು ಸೋಮವಾರ ಊಟದ ತಟ್ಟೆ ಮುಟ್ಟಲಿಲ್ಲ, ಶಾಲೆ ಬಿಟ್ಟ ಮೇಲೂ ಗೇಟಿನ ಬಳಿಯೇ ನಿಂತಿತ್ತು’ ಎಂದು ಬರೆಯಿರಿ.