ಉಯಿಲಿನಲ್ಲೊಂದು ವಿದ್ಯಾರ್ಥಿವೇತನ: ಜೂನ್ ತಿಂಗಳಿಗೆ ಮಗುವಿನ ಕೈಸೇರುವಂತೆ ಬರೆಯುವುದು

ಸಭೆಯಲ್ಲಿರುವ ಹಿರಿಯರೇ, ಶಿಕ್ಷಕ ಮಿತ್ರರೇ, ಹಳೆ ವಿದ್ಯಾರ್ಥಿ ಸಂಘದವರೇ, ಎಲ್ಲರಿಗೂ ನಮಸ್ಕಾರ.

ಸವದತ್ತಿ ತಾಲ್ಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು. ತಮ್ಮ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಆಸ್ತಿಯನ್ನು ಮೃತ್ಯುಪತ್ರದಲ್ಲಿ ಬರೆದಿಟ್ಟು ಹೋದವರು ಅವರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಗುಬ್ಬಿ ತೋಟದಪ್ಪನವರು 1910ರಲ್ಲಿ ಹೋದರು. ಅವರ ಹೆಸರಿನ ಧರ್ಮಸಂಸ್ಥೆ ಊರು ಬಿಟ್ಟು ಬಂದ ಹುಡುಗರಿಗೆ ಬೆಂಗಳೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ನಡೆಸುತ್ತ ಬಂದಿದೆ. ಅಷ್ಟು ದೊಡ್ಡ ಆಸ್ತಿ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ನಿವೃತ್ತಿಯಲ್ಲಿ ಬಂದ ಗಂಟು, ಒಂದು ಸೈಟು, ಎರಡು ಮೂರು ಠೇವಣಿ ಇರುತ್ತವೆ. ಅದರಲ್ಲಿ ಐದು ಲಕ್ಷವನ್ನೋ ಇಪ್ಪತ್ತೈದು ಲಕ್ಷವನ್ನೋ ತಾವು ಓದಿದ ಅಥವಾ ಪಾಠ ಮಾಡಿದ ಶಾಲೆಯ ಮಕ್ಕಳಿಗೆ ಬಿಡಬೇಕು ಎನ್ನುವವರಿಗಾಗಿ ಇವತ್ತಿನ ಉಪನ್ಯಾಸ.

ಮೊದಲು ಹಣದ ಲೆಕ್ಕ ನೋಡೋಣ. ದತ್ತಿ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು, "ಇಡುಗಂಟು ಮುಟ್ಟಬಾರದು, ಬಡ್ಡಿ ಮಾತ್ರ ಖರ್ಚು ಮಾಡಬೇಕು." ಹತ್ತು ಲಕ್ಷಕ್ಕೆ ಶೇ 6.5ರ ಬಡ್ಡಿ ಹಿಡಿದರೆ ವರ್ಷಕ್ಕೆ ₹65,000. ಈ ವರ್ಷ ಐದು ಮಕ್ಕಳಿಗೆ ತಲಾ ₹13,000 ಕೊಡಬಹುದು. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಇಪ್ಪತ್ತು ವರ್ಷದ ಮೇಲೆ ಅದೇ ₹65,000ಕ್ಕೆ ಇವತ್ತಿನ ಸುಮಾರು ₹24,500ರ ಬೆಲೆ. ನಲವತ್ತು ವರ್ಷಕ್ಕೆ ಅದು ಒಂಬತ್ತು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಶಾಲಾ ವಾರ್ಷಿಕೋತ್ಸವಗಳಲ್ಲಿ ಇಂದಿಗೂ ₹51, ₹101ರ ದತ್ತಿ ಬಹುಮಾನ ಕೊಡುವುದನ್ನು ನೋಡಿದ್ದೀರಿ. ಕೊಟ್ಟ ಕಾಲದಲ್ಲಿ ಅದು ಒಂದು ವರ್ಷದ ಪುಸ್ತಕದ ಹಣವಾಗಿತ್ತು.

ಹಾಗಾದರೆ ಬಡ್ಡಿಯಲ್ಲಿ ಅರ್ಧವನ್ನು ಇಡುಗಂಟಿಗೇ ಸೇರಿಸುತ್ತ ಹೋಗೋಣ ಎಂದರೆ ಆದಾಯ ತೆರಿಗೆಯ ಕಾನೂನು ಅಡ್ಡ ಬರುತ್ತದೆ. ವಿನಾಯಿತಿ ಪಡೆಯುವ ಟ್ರಸ್ಟ್ ತನ್ನ ವರ್ಷದ ಆದಾಯದಲ್ಲಿ ಶೇ 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಮುಕ್ತವಾಗಿ ಉಳಿಸಿಕೊಳ್ಳಬಹುದಾದ್ದು ಶೇ 15. ₹65,000ದಲ್ಲಿ ಅದು ₹9,750. ಹತ್ತು ಲಕ್ಷದ ಇಡುಗಂಟು ಅದರಿಂದ ವರ್ಷಕ್ಕೆ ಶೇ 1ರಷ್ಟೂ ಬೆಳೆಯುವುದಿಲ್ಲ.

ಇನ್ನೊಂದು ದಾರಿ ಇದೆ, ನಮ್ಮಲ್ಲಿ ಅದನ್ನು ಯೋಚಿಸುವವರು ಕಡಿಮೆ. ಇಡುಗಂಟನ್ನೂ ಸೇರಿಸಿ ಇಪ್ಪತ್ತು ವರ್ಷದಲ್ಲಿ ಮುಗಿಸುವುದು. ಅದೇ ಹತ್ತು ಲಕ್ಷ, ಅದೇ ಶೇ 6.5. ಮೊದಲ ವರ್ಷದ ಕೊನೆಗೆ ₹60,700 ಕೊಟ್ಟು, ಪ್ರತಿವರ್ಷ ಶೇ 5ರಷ್ಟು ಏರಿಸುತ್ತ ಹೋದರೆ ಇಪ್ಪತ್ತನೆಯ ವರ್ಷ ಕೊಡುವ ಮೊತ್ತ ₹1,53,000 ಮುಟ್ಟುತ್ತದೆ. ಆ ವರ್ಷಕ್ಕೆ ನಿಧಿ ಖಾಲಿ. ಆರಂಭದಲ್ಲಿ ಕೊಡುವ ಹಣ ಶಾಶ್ವತ ನಿಧಿಯದಕ್ಕಿಂತ ತುಸುವೇ ಕಡಿಮೆ, ಆದರೆ ಇಪ್ಪತ್ತು ವರ್ಷವೂ ಅಷ್ಟೇ ಮಕ್ಕಳಿಗೆ ಅಷ್ಟೇ ಬೆಲೆಯ ನೆರವು ಸಿಗುತ್ತದೆ. ಹೆಸರು ಶಾಶ್ವತವಾಗಿ ಉಳಿಯಲಿ ಎಂಬ ಆಸೆ ತಪ್ಪಲ್ಲ. ಆದರೆ ಐವತ್ತು ಲಕ್ಷಕ್ಕಿಂತ ಕೆಳಗಿನ ಮೊತ್ತಕ್ಕೆ ನಮ್ಮ ಸಲಹೆ ಈ ಎರಡನೆಯ ದಾರಿಯೇ. ಒಂದು ಎಚ್ಚರಿಕೆ: ಉಯಿಲಿನಲ್ಲಿ ಈ ಹಣ "ಮೂಲನಿಧಿ" (ಅಂದರೆ ಇಡುಗಂಟು) ಎಂದು ಸ್ಪಷ್ಟವಾಗಿ ಬರೆದಿರದಿದ್ದರೆ ಇಡೀ ಮೊತ್ತ ಟ್ರಸ್ಟಿನ ಆ ವರ್ಷದ ಆದಾಯವಾಗಿ, ಅದರ ಶೇ 85ನ್ನು ಖರ್ಚು ಮಾಡುವ ಒತ್ತಡ ಬೀಳುತ್ತದೆ. ಮೂಲನಿಧಿಯನ್ನು ಹಂತಹಂತವಾಗಿ ಬಳಸಲು ಅನುಮತಿ ಕೊಡುವ ಸಾಲನ್ನು ಸಂಸ್ಥೆಯ ಆಡಿಟರ್‌ಗೆ ತೋರಿಸಿಯೇ ಅಂತಿಮಗೊಳಿಸಿ.

ಹಣ ಯಾರ ಹೆಸರಿಗೆ ಹೋಗಬೇಕು? ಇಲ್ಲಿಯೇ ಹೆಚ್ಚು ದತ್ತಿಗಳು ಮುಗ್ಗರಿಸುವುದು. "ನಮ್ಮೂರ ಶಾಲೆಯ ಮುಖ್ಯೋಪಾಧ್ಯಾಯರಿಗೆ" ಎಂದು ಬರೆದರೆ ಮುಖ್ಯೋಪಾಧ್ಯಾಯರಿಗೆ ವರ್ಗವಾಗುತ್ತದೆ, ಪಾಸ್‌ಬುಕ್ ಬೀರುವಿನಲ್ಲಿ ಉಳಿಯುತ್ತದೆ, ಎರಡು ವರ್ಷ ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಎಸ್‌ಡಿಎಂಸಿ, ಅಂದರೆ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ದಶಕಗಳ ಕಾಲ ನಿಧಿ ಹಿಡಿದು ನಡೆಸಲು ತಕ್ಕ ಜಾಗವಲ್ಲ. ಹಣ ಪಡೆಯುವುದು ನೋಂದಾಯಿತ ಟ್ರಸ್ಟ್ ಅಥವಾ ನೋಂದಾಯಿತ ಸಂಘವಾಗಿರಲಿ: ಅನುದಾನಿತ ಶಾಲೆಯಾದರೆ ಅದರ ಆಡಳಿತ ಸಂಸ್ಥೆ, ಸರ್ಕಾರಿ ಶಾಲೆಯಾದರೆ ನೋಂದಣಿಯಾದ ಹಳೆ ವಿದ್ಯಾರ್ಥಿ ಸಂಘ ಅಥವಾ ಜಿಲ್ಲೆಯಲ್ಲಿ ಈಗಾಗಲೇ ವಿದ್ಯಾರ್ಥಿವೇತನ ನಡೆಸುತ್ತಿರುವ ಟ್ರಸ್ಟ್. ಐದು ಹತ್ತು ಲಕ್ಷಕ್ಕೆ ನಿಮ್ಮದೇ ಹೊಸ ಟ್ರಸ್ಟ್ ಕಟ್ಟಬೇಡಿ. ಆಡಿಟ್, ರಿಟರ್ನ್, ತೆರಿಗೆ ನೋಂದಣಿಯ ನವೀಕರಣ ಎಂದು ಆಗಾಗ ಹೋಗುವ ಖರ್ಚು ಒಂದಿಬ್ಬರು ಮಕ್ಕಳ ಪಾಲನ್ನು ತಿನ್ನುತ್ತದೆ. ಒಪ್ಪಿಕೊಳ್ಳುವ ಮೊದಲು ಆ ಸಂಸ್ಥೆಯ ಕಳೆದ ಮೂರು ವರ್ಷದ ಲೆಕ್ಕಪತ್ರ ಕೇಳಿ ನೋಡಿ. ಕೇಳಿದ್ದಕ್ಕೆ ಬೇಸರಪಟ್ಟುಕೊಳ್ಳುವ ಸಂಸ್ಥೆಯಾದರೆ ಬೇರೆಯದನ್ನು ಹುಡುಕಿ.

ಜಾತಿ, ಮತದ ಷರತ್ತಿನ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳಬೇಕು. ಒಂದು ನಿರ್ದಿಷ್ಟ ಜಾತಿ ಅಥವಾ ಮತದವರಿಗೆ ಮಾತ್ರ ಎಂದು ಇಂದು ಹೊಸ ದತ್ತಿ ಟ್ರಸ್ಟ್ ಮಾಡಿದರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗೆ ಎಂದರೆ ಅಡ್ಡಿಯಿಲ್ಲ. ಸಂಸ್ಥೆ ಎಲ್ಲ ಮಕ್ಕಳಿಗೂ ತೆರೆದಿದ್ದು ನಿಮ್ಮ ಷರತ್ತು ಮಾತ್ರ ಒಂದು ಸಮುದಾಯಕ್ಕೆ ಕಟ್ಟಿದ್ದರೆ, ಆ ಹಣವನ್ನು ಅವರು ಬೇಡ ಎನ್ನಲೂಬಹುದು.

ಇನ್ನು ಉಯಿಲಿಗೆ ಬರೋಣ. ಅದಕ್ಕೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆಯಿರಿ. ನೀವು ಸಹಿ ಮಾಡುವುದನ್ನು ಇಬ್ಬರು ಸಾಕ್ಷಿಗಳು ನೋಡಿರಬೇಕು, ಇಲ್ಲವೇ ಇದು ನನ್ನದೇ ಸಹಿ ಎಂದು ನೀವು ಅವರಿಗೆ ಹೇಳಿರಬೇಕು. ಅವರು ನಿಮ್ಮ ಎದುರಿನಲ್ಲೇ ಸಹಿ ಹಾಕಬೇಕು. ಮುಂದೆ ತಕರಾರು ಬಂದರೆ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಆದ್ದರಿಂದ ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ಉಯಿಲಿನಿಂದ ಏನೂ ಪಡೆಯದವರಿರಲಿ, ಶಾಲೆಯ ಸಮಿತಿಯವರಂತೂ ಬೇಡ. ನೋಂದಣಿ ಕಡ್ಡಾಯವಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ. ಮನೆಯವರಿಗೂ ಸಂಸ್ಥೆಗೂ ಮುಂದಿನ ಓಡಾಟ ಕಡಿಮೆಯಾಗುತ್ತದೆ. ವಯಸ್ಸು ಎಪ್ಪತ್ತು ದಾಟಿದ್ದರೆ ಅದೇ ದಿನಾಂಕದ ವೈದ್ಯರ ಪ್ರಮಾಣಪತ್ರ ಜೊತೆಗಿಡಿ.

ಎಲ್ಲರಿಗೂ ಒಂದೇ ಕಾನೂನು ಇಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ನಿಮ್ಮ ಪಾಲನ್ನು ಮಾತ್ರ ಬರೆಯಬಹುದು. ಆ ಪಾಲು ಲೆಕ್ಕ ಹಾಕುವಾಗ ಹೆಣ್ಣುಮಕ್ಕಳೂ ಸೇರುತ್ತಾರೆ. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೇ ಒಂದು ಭಾಗದವರೆಗೆ ಮಾತ್ರ ಉಯಿಲು ಮಾಡಬಹುದು. ಕ್ರೈಸ್ತರು ದಾನಕ್ಕೆ ಬರೆದ ಉಯಿಲು ಸಾವಿಗೆ ಕನಿಷ್ಠ 12 ತಿಂಗಳು ಮೊದಲಿನದಾಗಿರಬೇಕೆಂಬ ಹಳೆಯ ನಿಯಮವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ತೆಗೆದುಹಾಕಿತು; ಇನ್ನೂ ಅದಕ್ಕೆ ಹೆದರುವವರಿದ್ದಾರೆ, ಹೆದರಬೇಕಿಲ್ಲ.

ಪದಗಳಲ್ಲಿ ಜಾಗ್ರತೆ ಇರಲಿ. "ಉಳಿದದ್ದನ್ನು ಧರ್ಮಕ್ಕೆ ಕೊಡತಕ್ಕದ್ದು" ಎಂದು ಬರೆಯುವ ರೂಢಿ ಇದೆ. ಬರೀ ಧರ್ಮಕ್ಕೆ ಎಂಬ ಉಯಿಲು ಅಸ್ಪಷ್ಟವಾದ್ದರಿಂದ ನಿಲ್ಲುವುದಿಲ್ಲ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1899ರಲ್ಲೇ ತೀರ್ಪು ಕೊಟ್ಟಿದೆ. ಇನ್ನೊಂದು ಸಾಮಾನ್ಯ ತೊಡಕು ಠೇವಣಿಯ ನಂಬರಿನದು. "ಇಂಥ ಬ್ಯಾಂಕಿನ ಇಂಥ ನಂಬರಿನ ಎಫ್‌ಡಿಯನ್ನು ಶಾಲೆಗೆ" ಎಂದು ಬರೆದಿರುತ್ತಾರೆ. ಆಸ್ಪತ್ರೆಯ ಖರ್ಚಿಗೆ ಆ ಎಫ್‌ಡಿ ಮುರಿದರೆ ಕೊಡುಗೆಯೇ ಬಿದ್ದುಹೋಗುತ್ತದೆ. ಅವಧಿ ಮುಗಿದು ಹೊಸ ನಂಬರಿಗೆ ನವೀಕರಣವಾದರೆ ತಕರಾರಿಗೆ ದಾರಿಯಾಗುತ್ತದೆ. ಹಾಗೆಂದು ನಿಗದಿತ ಮೊತ್ತ ಬರೆದರೂ ಕಷ್ಟವಿದೆ: ಕೊನೆಗಾಲದ ಖರ್ಚಿನಲ್ಲಿ ಆಸ್ತಿ ಕರಗಿದ್ದರೆ ಮನೆಯವರ ಪಾಲಿಗೇ ಕೈ ಬೀಳುತ್ತದೆ, ಜಗಳ ಹುಟ್ಟುವುದು ಅಲ್ಲಿಂದಲೇ. ಉಳಿಕೆಯಲ್ಲಿ ಶೇಕಡಾವಾರು ಪಾಲು ಎಂದು ಬರೆಯುವುದು ಒಳ್ಳೆಯದು. ಹೀಗೆ:

"ನನ್ನ ಸಾಲಗಳು, ಅಂತ್ಯಕ್ರಿಯೆಯ ಖರ್ಚು ಮತ್ತು ಮೇಲೆ ಬರೆದ ಕೊಡುಗೆಗಳು ಸಂದ ಮೇಲೆ ಉಳಿಯುವ ನನ್ನ ಎಲ್ಲ ಆಸ್ತಿಯಲ್ಲಿ ಶೇ 15ನ್ನು ಈ ಕೆಳಗಿನ ಟ್ರಸ್ಟಿಗೆ ಮೂಲನಿಧಿಯಾಗಿ ಕೊಡತಕ್ಕದ್ದು. ಇದನ್ನು ಈ ಶಾಲೆಯಲ್ಲಿ ಓದುತ್ತಿರುವ ಅಥವಾ ಓದಿ ಮುಗಿಸಿದ, ಹಣದ ತೊಂದರೆಯಿರುವ ಮಕ್ಕಳ ವಿದ್ಯಾಭ್ಯಾಸಕ್ಕೆ, ಆಯಾ ಕಾಲಕ್ಕೆ ಟ್ರಸ್ಟಿಗೆ ಅಗತ್ಯವೆಂದು ತೋರುವ ರೀತಿಯಲ್ಲಿ ಬಳಸತಕ್ಕದ್ದು. ಶಾಲೆ ಮುಚ್ಚಿದರೆ ಅಥವಾ ವಿಲೀನವಾದರೆ ಅದೇ ತಾಲ್ಲೂಕಿನ ಇತರ ಸರ್ಕಾರಿ ಶಾಲೆಗಳ ಮಕ್ಕಳಿಗೆ ಬಳಸತಕ್ಕದ್ದು. ಟ್ರಸ್ಟ್ ಇಲ್ಲವಾದರೆ ಇದೇ ಉದ್ದೇಶದ ಬೇರೆ ಸಂಸ್ಥೆಯನ್ನು ನನ್ನ ಉಯಿಲಿನ ನಿರ್ವಾಹಕರು ಆರಿಸತಕ್ಕದ್ದು."

ಇದರ ಕೆಳಗೆ ಟ್ರಸ್ಟಿನ ನೋಂದಾಯಿತ ಪೂರ್ಣ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್, ವಿಳಾಸ, ಮತ್ತು ಪ್ರತಿ ಶಾಲೆಗೂ ಸರ್ಕಾರ ಕೊಟ್ಟಿರುವ 11 ಅಂಕಿಯ ಯು-ಡೈಸ್ ಸಂಖ್ಯೆ ಬರೆಯಿರಿ. ಒಂದೇ ಹೆಸರಿನ ಶಾಲೆಗಳು ತಾಲ್ಲೂಕಿಗೆ ನಾಲ್ಕಿರುತ್ತವೆ. ನಿರ್ವಾಹಕರು ಎಂದರೆ ನಿಮ್ಮ ನಂತರ ಉಯಿಲನ್ನು ಜಾರಿಗೆ ತರಲು ನೀವೇ ಹೆಸರಿಸಿದವರು. ಶಾಲೆ ಮುಚ್ಚಿದಾಗ ಏನು ಮಾಡಬೇಕೆಂದು ಬರೆಯದಿದ್ದರೆ ಉದ್ದೇಶ ಬದಲಿಸಲು ಕೋರ್ಟಿನಲ್ಲಿ ದಾವೆ ಹೂಡಬೇಕಾದೀತು. ನಿಧಿಯ ಬಡ್ಡಿ ವಕೀಲರ ಫೀಸಿಗೆ ಹೋಗುತ್ತದೆ.

"ಆಯಾ ಕಾಲಕ್ಕೆ ಅಗತ್ಯವೆಂದು ತೋರುವ" ಎಂಬ ಮಾತನ್ನು ದಯವಿಟ್ಟು ಬಿಡಬೇಡಿ. 2015ರಲ್ಲಿ ಯಾರಾದರೂ "ಹೆಣ್ಣುಮಕ್ಕಳ ಬಸ್ ಪಾಸಿಗೆ" ಎಂದು ನಿಧಿ ಬಿಟ್ಟಿದ್ದರೆ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲವಾಯಿತು. ಖಾಸಗಿ ಬಸ್ಸುಗಳೇ ಹೆಚ್ಚಿರುವ ಉಡುಪಿ, ದಕ್ಷಿಣ ಕನ್ನಡದ ದಾರಿಗಳಲ್ಲಿ ಮಾತ್ರ ಆ ಹಣಕ್ಕೆ ಇನ್ನೂ ಕೆಲಸವಿದೆ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಉಚಿತ. ಅದನ್ನೇ ಮತ್ತೆ ಕೊಡಿಸುವುದರಲ್ಲಿ ಅರ್ಥವಿಲ್ಲ. ಮಕ್ಕಳು ನಿಲ್ಲುವುದು ಹತ್ತನೆಯ ತರಗತಿಯ ಆಚೆ: ಪಿಯು ಕಾಲೇಜಿನ ದಾಖಲಾತಿ ಶುಲ್ಕ, ತಾಲ್ಲೂಕು ಕೇಂದ್ರದಲ್ಲಿ ಉಳಿಯುವ ಖರ್ಚು, ಹುಡುಗರ ಬಸ್ ಪಾಸು, ಪ್ರಯೋಗಾಲಯದ ರೆಕಾರ್ಡ್ ಪುಸ್ತಕ, ಕನ್ನಡಕ. ಹಾಗಾಗಿ "ಶಾಲೆಯಲ್ಲಿ ಓದಿ ಮುಗಿಸಿದ" ಎಂಬ ಮಾತೂ ಬೇಕು, ಪಿಯುಸಿಗೆ ಕೊಟ್ಟರೆ ಎರಡೂ ವರ್ಷಕ್ಕೆ ಖಾತ್ರಿ ಕೊಡಬೇಕೆಂಬ ಸೂಚನೆಯೂ ಬೇಕು. "ಬೇರೆ ವಿದ್ಯಾರ್ಥಿವೇತನ ಪಡೆಯುವವರಿಗೆ ಇಲ್ಲ" ಎಂಬ ಷರತ್ತು ಹಾಕಬೇಡಿ. ಎಂಟನೆಯ ತರಗತಿಯಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ವರ್ಷಕ್ಕೆ ₹12,000 ಬರುತ್ತದೆ. ತಿಂಗಳಿಗೆ ಸಾವಿರವಾಯಿತು, ಅಷ್ಟರಿಂದ ಹಾಸ್ಟೆಲಿನ ಊಟ ನಡೆಯುವುದಿಲ್ಲ.

ಅಂಕಗಳ ಷರತ್ತಿನ ಬಗ್ಗೆ ನಮ್ಮ ಅಭಿಪ್ರಾಯ ಗಟ್ಟಿಯಾದದ್ದು. ಶೇ 90 ತೆಗೆದ ಮಗುವನ್ನು ಕರೆದು ಸೇರಿಸಿಕೊಳ್ಳಲು ಕಾಲೇಜುಗಳು ಕಾದಿರುತ್ತವೆ. ಶೇ 58 ತೆಗೆದು, ಬೆಳಿಗ್ಗೆ ಹಾಲು ಹಾಕಿ ಶಾಲೆಗೆ ಬರುವ ಹುಡುಗನಿಗೆ ಯಾರೂ ಇಲ್ಲ. ಪಾಸಾಗಿರಬೇಕು, ಹಾಜರಾತಿ ಇರಬೇಕು, ಅಷ್ಟು ಸಾಕು. ಆಯ್ಕೆಗೆ ತರಗತಿ ಶಿಕ್ಷಕರ ಒಂದು ಪುಟದ ಟಿಪ್ಪಣಿ ಮತ್ತು ಆದಾಯ ಪ್ರಮಾಣಪತ್ರ ಕೇಳಿ. ವೇದಿಕೆಗೆ ಕರೆದು, "ಬಡ ವಿದ್ಯಾರ್ಥಿ" ಎಂದು ಮೈಕಿನಲ್ಲಿ ಕೂಗಿ ಚೆಕ್ ಕೊಡುವುದು ಬೇಡ ಎಂದು ಉಯಿಲಿನ ಜೊತೆಗಿಡುವ ಪತ್ರದಲ್ಲಿ ಬರೆದಿಡಿ. ಹದಿನೈದರ ವಯಸ್ಸಿನಲ್ಲಿ ಆ ಮಾತು ಬಹಳ ನೋಯಿಸುತ್ತದೆ.

ಠೇವಣಿ ಎಲ್ಲಿ, ಯಾವಾಗ ಎಂಬುದೂ ಮುಖ್ಯ. ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ವಿಮೆಯ ರಕ್ಷಣೆ ಇರುವುದು ಬಡ್ಡಿಯೂ ಸೇರಿ ಐದು ಲಕ್ಷದವರೆಗೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಅದೂ ಇಲ್ಲ. ಒಂದೂವರೆ ಶೇಕಡಾ ಹೆಚ್ಚಿನ ಬಡ್ಡಿಗೆ ಮಕ್ಕಳ ನಿಧಿಯನ್ನು ಅಲ್ಲಿಡುವುದು ಸರಿಯಲ್ಲ. ಬಡ್ಡಿ ಮಾರ್ಚ್ 31ಕ್ಕೆ ಜಮೆಯಾಗಿ, ಹಣ ಡಿಸೆಂಬರಿನ ವಾರ್ಷಿಕೋತ್ಸವದಲ್ಲಿ ಹಂಚಿಕೆಯಾಗುವುದು ಅನೇಕ ಕಡೆ ರೂಢಿ. ಹುಡುಗಿ ಕಾಲೇಜು ಸೇರದೆ ಆರು ತಿಂಗಳಾಗಿರುತ್ತದೆ. ಠೇವಣಿಯ ಅವಧಿ ಏಪ್ರಿಲ್‌ಗೆ ಮುಗಿಯುವಂತೆ ಇಡಿಸಿ, ಆಯ್ಕೆ ಮೇ ತಿಂಗಳಲ್ಲಿ, ಹಣ ಜೂನ್ ಮೊದಲ ವಾರದಲ್ಲಿ. ಖಾತೆಗೆ ಕಳಿಸುವ ಮೊದಲು ಒಂದು ರೂಪಾಯಿ ಹಾಕಿ ನೋಡಲಿ. ಎಂಟನೆಯ ತರಗತಿಯಲ್ಲಿ ತೆರೆದ ಖಾತೆ ಅಷ್ಟರಲ್ಲಿ ನಿಷ್ಕ್ರಿಯವಾಗಿರುವುದು ಅಪರೂಪವಲ್ಲ.

ಜಮೀನು, ಸೈಟನ್ನು ಹಾಗೆಯೇ ಬಿಡಬೇಡಿ, ಮಾರಿ ಹಣ ಕೊಡುವಂತೆ ನಿರ್ವಾಹಕರಿಗೆ ಅಧಿಕಾರ ಬರೆಯಿರಿ. ಗೇಣಿಯ ಆದಾಯವನ್ನೇ ನಂಬಿದ್ದ ದತ್ತಿಗಳು 1974ರ ಭೂಸುಧಾರಣೆಯಲ್ಲಿ ಆ ಆದಾಯ ಕಳೆದುಕೊಂಡವು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೆ ದತ್ತಿಯ ಕೈ ಖಾಲಿಯಾಯಿತು. ನಾಮಿನಿ ಬರೆಸಿದ್ದೇನೆ, ಸಾಕು ಎಂದುಕೊಳ್ಳಬೇಡಿ. ಬ್ಯಾಂಕ್ ಠೇವಣಿಗೆ ವ್ಯಕ್ತಿಯನ್ನು ನಾಮಿನಿ ಮಾಡಬಹುದೇ ಹೊರತು ಟ್ರಸ್ಟನ್ನಲ್ಲ. ನಾಮಿನಿಯಾದವರು ಹಣ ಪಡೆದು ಉಯಿಲಿನಂತೆ ಹಂಚಬೇಕಾದವರು, ಮಾಲೀಕರಲ್ಲ ಎಂಬುದು ಅವರಿಗೆ ಗೊತ್ತಿರಬೇಕು.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇದ್ದವರು ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಪೌರತ್ವ ಬದಲಿಸಿ ಒಸಿಐ ಕಾರ್ಡ್ ಹೊಂದಿದವರು ಕೊಟ್ಟರೆ, ರೂಪಾಯಿಯಲ್ಲೇ ಕೊಟ್ಟರೂ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಅಡಿಯಲ್ಲಿ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಊರಿನ ಸಣ್ಣ ಸಂಘಗಳಿಗೆ ಆ ನೋಂದಣಿ ಸಾಮಾನ್ಯವಾಗಿ ಇರುವುದಿಲ್ಲ. ಉಯಿಲು ಬರೆಯುವ ಮೊದಲೇ ಕೇಳಿಕೊಳ್ಳಿ.

ಕೊನೆಯದಾಗಿ ನಿರ್ವಾಹಕರು. ಮನೆಯವರೊಬ್ಬರು, ಹೊರಗಿನವರೊಬ್ಬರು ಇರಲಿ, ಇಬ್ಬರಿಗೂ ಬದಲಿ ಹೆಸರು ಬರೆಯಿರಿ. ಮಕ್ಕಳನ್ನು ಕೂರಿಸಿಕೊಂಡು, ಇಷ್ಟು ಪಾಲು ಶಾಲೆಗೆ ಹೋಗುತ್ತದೆ ಎಂದು ಬದುಕಿರುವಾಗಲೇ ಹೇಳಿ. ಮೂಲ ಪ್ರತಿ ಎಲ್ಲಿದೆ ಎಂಬುದು ನಿರ್ವಾಹಕರಿಗೆ ಗೊತ್ತಿರಲಿ, ಜೆರಾಕ್ಸ್ ಪ್ರತಿ ಟ್ರಸ್ಟಿನ ಬಳಿ ಇರಲಿ. ಆಸ್ತಿ ಮಾರಿ, ಸಾಲ ತೀರಿಸಿ, ಪಾಲು ಕೈಸೇರಲು ಒಂದೆರಡು ವರ್ಷ ಹಿಡಿಯಬಹುದು. ಆ ನಡುವಿನ ಜೂನ್ ತಿಂಗಳುಗಳು ಖಾಲಿ ಹೋಗಬಾರದೆಂದರೆ, ಸಾಧ್ಯವಿರುವವರು ಈಗಲೇ ಒಂದು ಲಕ್ಷವನ್ನು ಅದೇ ಟ್ರಸ್ಟಿಗೆ ಕೊಟ್ಟು ಇಬ್ಬರು ಮಕ್ಕಳಿಂದ ಶುರು ಮಾಡಿ. ಆಯ್ಕೆ ಹೇಗೆ ಮಾಡುತ್ತಾರೆ, ಲೆಕ್ಕ ಸರಿಯಾಗಿ ಕೊಡುತ್ತಾರೆಯೇ ಎಂಬುದು ನಿಮ್ಮ ಕಣ್ಣೆದುರಿಗೇ ತಿಳಿಯುತ್ತದೆ. ಸರಿಬರಲಿಲ್ಲವೆಂದರೆ ಉಯಿಲಿನಲ್ಲಿ ಟ್ರಸ್ಟಿನ ಹೆಸರು ಬದಲಿಸಲು ಪೂರಕ ಪತ್ರವೊಂದು ಸಾಕು. ಅದಕ್ಕೂ ಇಬ್ಬರು ಸಾಕ್ಷಿಗಳಿರಬೇಕೆಂಬ ಅದೇ ನಿಯಮ.